ಮನೆಮಂದಿಗೆಲ್ಲ ತೆರೆಯುವ ಬಾಗಿಲು

ಸೋದರಿಯರೇ, ನಿಮ್ಮ ಮನೆಯ ಟಿ.ವಿ. ರಿಮೋಟಿನಲ್ಲಿ ಎಷ್ಟು ಗುಂಡಿಗಳಿವೆಯೆಂದು ಎಂದಾದರೂ ಎಣಿಸಿದ್ದೀರಾ? ನಾನು ಎಣಿಸಿದ್ದೇನೆ. ನಮ್ಮ ಮನೆಯದರಲ್ಲಿ ನಲವತ್ತನಾಲ್ಕು ಇವೆ. ಅವುಗಳಲ್ಲಿ ನಾನು ಒತ್ತುವುದು ಐದು. ನಮ್ಮ ಅತ್ತೆಯವರು ಒತ್ತುವುದು ಎರಡೇ ಎರಡು. ಉಳಿದವುಗಳಲ್ಲಿ ಯಾವುದಾದರೊಂದಕ್ಕೆ ಬೆರಳು ತಾಗಿತೋ, ಪರದೆ ನೀಲಿಯಾಗಿ ನಿಂತುಬಿಡುತ್ತದೆ. ಆಮೇಲೆ "ಹುಡುಗ ಎಲ್ಲಿ? ಕರೀರಿ ಅವನ್ನ" ಎಂದು ಮನೆಯೆಲ್ಲ ಕೂಗು. ಹುಡುಗ ಬಂದು ಎರಡು ಸಲ ಏನನ್ನೋ ಒತ್ತಿ, "ಇಷ್ಟೇ" ಅಂತ ಹೋಗುತ್ತಾನೆ. ಏನು ಒತ್ತಿದ ಎಂಬುದು ನಮಗೆ ತಿಳಿಯುವುದೇ ಇಲ್ಲ. ಹೀಗಾಗಿ, ಈಗಿನ ಕಾಲದಲ್ಲಿ ಒಂದು ವಸ್ತುವಿನ ಯಜಮಾನರು ಯಾರು ಎಂದರೆ, ಅದಕ್ಕೆ ದುಡ್ಡು ಕೊಟ್ಟವರಲ್ಲ, ದಿನಾ ಧೂಳು ಒರೆಸುವವರೂ ಅಲ್ಲ. ಅದರ ಸೆಟ್ಟಿಂಗ್ ಗೊತ್ತಿರುವವರು. ನಿಮ್ಮ ಮನೆಯಲ್ಲೂ ಹೀಗೇ ತಾನೆ?

ಈ ಮಾತು ಏಕೆ ತೆಗೆದೆನೆಂದರೆ, ಈ ವರ್ಷ ನಮ್ಮ ಮನೆಯ ಹಾಲಿಗೆ ಅಂಥ ಇನ್ನೊಂದು ವಸ್ತು ಬಂದು ನಿಂತಿತು. ಹಿಂದೆ ಪೇಟೆಗಳಲ್ಲಿ ವಿಡಿಯೋ ಗೇಮ್ ಪಾರ್ಲರುಗಳಿದ್ದವಲ್ಲ, ಅಲ್ಲಿ ಗಂಡುಹುಡುಗರು ನಾಣ್ಯ ಹಾಕಿ, ಕೋಲು ಹಿಡಿದು ಜಗ್ಗಾಡುತ್ತಿದ್ದ ಆಳೆತ್ತರದ ಪೆಟ್ಟಿಗೆ, ಅದೇ. ಕೊಂಡು ತಂದದ್ದಲ್ಲ, ಮನೆಯಲ್ಲೇ ಕಟ್ಟಿದ್ದು. ಎರಡನೇ ಪಿ.ಯು.ಸಿ. ಪರೀಕ್ಷೆ ಮುಗಿದ ಮೇಲೆ ಮಗ ಕೋಣೆಯ ಬಾಗಿಲು ಹಾಕಿಕೊಂಡು ಫೋನ್ ಹಿಡಿದು ಕೂತುಬಿಟ್ಟಿದ್ದ. ಊಟಕ್ಕೆ ಕರೆದರೆ ಬರುತ್ತಿದ್ದ, ಉಂಡು ಹೋಗುತ್ತಿದ್ದ, ಮಾತಿಲ್ಲ, ಕತೆಯಿಲ್ಲ. ಒಂದು ದಿನ ನಮ್ಮವರು ಅಂಗಡಿಯಲ್ಲಿ ಬಿಲ್ಲು ಹಾಕುತ್ತಿದ್ದ ಹಳೆಯ ಕಂಪ್ಯೂಟರನ್ನು ಮನೆಗೆ ತಂದು, "ಇದನ್ನೇನು ಗುಜರಿಗೆ ಹಾಕಲೋ, ನಿನಗೆ ಏನಾದ್ರೂ ಬೇಕೋ?" ಎಂದು ಕೇಳಿದರು. ಅಪ್ಪ ಮಗನ ನಡುವೆ ಮಾತು ಹೇಗೆ ಬೆಳೆಯಿತೋ ಕಾಣೆ. ಮಾರನೆಯ ವಾರ ನಮ್ಮ ಮನೆಯ ಬಾಗಿಲು ಮಾಡಿಕೊಟ್ಟ ಆಚಾರ್ರು ಜಗಲಿಯಲ್ಲಿ ಪ್ಲೈವುಡ್ ಹರಡಿಕೊಂಡು ಕೂತಿದ್ದರು.

ಮರದ ಕೆಲಸ, ತಂತಿ ಕೆಲಸ ಎಲ್ಲ ಜೂನ್ ಹೊತ್ತಿಗೆ ಮುಗಿಯಿತು. ಜಗಳ ಹತ್ತಿದ್ದು ಆಮೇಲೆ. ಪೆಟ್ಟಿಗೆ ಹಚ್ಚಿದ ಕೂಡಲೇ ಪರದೆಯ ಮೇಲೆ ಮೊದಲು ಏನು ಕಾಣಬೇಕು? ಆಟವನ್ನು ಆರಿಸುವುದು ಹೇಗೆ? ಇದಕ್ಕೆ ಅವರು 'ಫ್ರಂಟ್ ಎಂಡ್' ಅನ್ನುತ್ತಾರೆ. ಅಪ್ಪನಿಗೆ ಒಂದು ಬಗೆ, ಮಗನಿಗೆ ಒಂದು ಬಗೆ. ಕೊನೆಗೆ, "ನಿಮ್ಮ ಅಮ್ಮನ್ನೇ ಕೇಳು, ಅವಳು ಹೇಳಿದ್ದು ಸೈ" ಎಂದು ನಮ್ಮವರು ಕೈತೊಳೆದುಕೊಂಡರು. ಎಸ್ಸೆಸ್ಸೆಲ್ಸಿ ಓದಿದ ನನ್ನ ಮಡಿಲಿಗೆ ಕಂಪ್ಯೂಟರಿನ ತೀರ್ಪು ಬಂದು ಬಿತ್ತು. ನಾನು ಹೇಗೆ ಆರಿಸಿದೆ ಎಂಬುದನ್ನು ನಿಮಗೆ ಹೇಳುತ್ತೇನೆ. ಮಕ್ಕಳು, ಮೈದುನಂದಿರು ಇಂಥದ್ದಕ್ಕೆ ಕೈ ಹಾಕಿದಾಗ ನಿಮಗೂ ಉಪಯೋಗಕ್ಕೆ ಬಂದೀತು.

ಮೊದಲು ಈ ಪೆಟ್ಟಿಗೆಯ ಒಳಗಿನ ಸಂಗತಿ ತಿಳಿಯಬೇಕು. ಪಾರ್ಲರಿನ ಯಂತ್ರಗಳಲ್ಲಿ ಒಂದೊಂದಕ್ಕೂ ಅದರದೇ ವಿದ್ಯುತ್ ಹಲಗೆ, ಅದರದೇ ಚಿಪ್ಪುಗಳು. ಈಗ ಆ ಹಲಗೆಗಳು ಸಿಗುವುದು ಕಷ್ಟ. ಆದ್ದರಿಂದ ಸಾಮಾನ್ಯ ಕಂಪ್ಯೂಟರೇ ಆ ಯಂತ್ರದಂತೆ ನಟಿಸುತ್ತದೆ. ಹೀಗೆ ನಟಿಸುವಂತೆ ಮಾಡುವ ತಂತ್ರಾಂಶಕ್ಕೆ ಎಮ್ಯುಲೇಟರ್ ಎಂದು ಹೆಸರು. ನಮ್ಮ ಕಡೆಯ ಯಕ್ಷಗಾನ ನೋಡಿದವರಿಗೆ ಇದು ಸುಲಭ. ಹಗಲು ಅಡಿಕೆ ಸುಲಿಯುವವನೇ ರಾತ್ರಿ ಕಿರೀಟ ಕಟ್ಟಿ ರಾವಣನಾಗುವುದಿಲ್ಲವೆ? ಹಾಗೆಯೇ, ಬಿಲ್ಲು ಬರೆಯುತ್ತಿದ್ದ ಅಂಗಡಿ ಕಂಪ್ಯೂಟರ್ 1980ರ ಜಪಾನಿನ ಯಂತ್ರದ ವೇಷ ಕಟ್ಟುತ್ತದೆ. ಇಂಥ ಎಮ್ಯುಲೇಟರುಗಳಲ್ಲಿ ಹೆಸರಾದದ್ದು 'ಮೇಮ್'. ಇಟಲಿಯ ನಿಕೋಲಾ ಸಾಲ್ಮೋರಿಯಾ ಎಂಬವರು 1997ರ ಫೆಬ್ರವರಿಯಲ್ಲಿ ಅದನ್ನು ಮೊದಲು ಹೊರಗೆ ಬಿಟ್ಟರು. 2016ರಿಂದ ಅದು ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ಮುಕ್ತ ತಂತ್ರಾಂಶ. ಹಳೆಯ ಯಂತ್ರಗಳು ಹೇಗೆ ಕೆಲಸ ಮಾಡುತ್ತಿದ್ದವೆಂಬುದು ಮರೆತುಹೋಗದಂತೆ ಉಳಿಸುವುದೇ ಅದರ ಮುಖ್ಯ ಉದ್ದೇಶ.

ಆದರೆ ಮೇಮ್‌ಗೆ ಸಾವಿರಾರು ಯಂತ್ರಗಳ ವೇಷ ಗೊತ್ತು. ಅದರ ಸ್ವಂತ ಪಟ್ಟಿಯೊಂದು ಇದೆ. ಸಾದಾ ಸಣ್ಣಕ್ಷರದ ಪಟ್ಟಿ. ಉಗ್ರಾಣದಲ್ಲಿ ನಲವತ್ತು ಡಬ್ಬಿ ಇರುತ್ತವೆ, ಸರಿ. ಆದರೆ ಬಾಣಲೆಯಲ್ಲಿ ಎಣ್ಣೆ ಕಾದಾಗ ಉಗ್ರಾಣಕ್ಕೆ ಓಡುತ್ತೀರಾ? ಒಗ್ಗರಣೆ ಡಬ್ಬಿ ಒಲೆಯ ಪಕ್ಕದಲ್ಲೇ ಇರುತ್ತದೆ. ಸಾಸಿವೆ ಎಲ್ಲಿ, ಇಂಗು ಎಲ್ಲಿ ಎಂದು ಕತ್ತಲೆಯಲ್ಲೂ ಕೈಗೆ ಗೊತ್ತು. ಫ್ರಂಟ್ ಎಂಡ್ ಎಂದರೆ ಆಟಗಳ ಒಗ್ಗರಣೆ ಡಬ್ಬಿ. ಅದು ತಾನು ಆಟ ಆಡಿಸುವುದಿಲ್ಲ. ಪಟ್ಟಿ ತೋರಿಸುತ್ತದೆ, ಆರಿಸಿದ್ದನ್ನು ತೆರೆದುಕೊಡುತ್ತದೆ, ಆಟ ಮುಗಿದ ಮೇಲೆ ನಮ್ಮನ್ನು ಮತ್ತೆ ಪಟ್ಟಿಗೇ ತಂದು ಬಿಡುತ್ತದೆ. ಇಷ್ಟೇ ಕೆಲಸ. ಆದರೂ ಪೆಟ್ಟಿಗೆ ಮನೆಯಲ್ಲಿ ಉಳಿಯುತ್ತದೋ ಅಟ್ಟ ಸೇರುತ್ತದೋ ಎಂಬುದು ಇದರ ಮೇಲೇ ನಿಂತಿದೆ.

ಮಗನಿಗೆ ಹೈಪರ್‌ಸ್ಪಿನ್ ಎಂಬುದರ ಮೇಲೆ ಮನಸ್ಸು. ನೋಡಲು ಜಾತ್ರೆಯ ತೊಟ್ಟಿಲಿನಂತೆ ಇರುತ್ತದೆ. ಆಟದ ಹೆಸರುಗಳು ಚಕ್ರದ ಹಾಗೆ ತಿರುಗುತ್ತವೆ, ಹಿಂದುಗಡೆ ಚಿತ್ರಗಳು ಓಡುತ್ತವೆ, ಸದ್ದು ಬೇರೆ. ಚೆಂದವೇನೋ ಹೌದು. ಆದರೆ ಒಂದೊಂದು ಆಟಕ್ಕೂ ಚಿತ್ರ, ವಿಡಿಯೋ, ಅಲಂಕಾರ ಎಲ್ಲ ಕೂಡಿಸಿ ಜೋಡಿಸಿ ಇಡಬೇಕು. ಎರಡನೆಯದು ಲಾಂಚ್‌ಬಾಕ್ಸ್. ಅದು ಚಿತ್ರಗಳನ್ನು ತಾನೇ ಇಂಟರ್ನೆಟ್ಟಿನಿಂದ ತಂದು ಜೋಡಿಸುತ್ತದೆ, ಬಿಟ್ಟಿಯಾಗಿಯೂ ಸಿಗುತ್ತದೆ. ಆದರೆ ಪೆಟ್ಟಿಗೆಗೆ ಒಪ್ಪುವ, ಪರದೆ ತುಂಬ ಕಾಣುವ ಬಿಗ್ ಬಾಕ್ಸ್ ಎಂಬ ರೂಪ ಬೇಕೆಂದರೆ ದುಡ್ಡು ತೆರಬೇಕು. ಮೂರನೆಯದು ಎಮ್ಯುಲೇಷನ್‌ಸ್ಟೇಷನ್. ಬ್ರಿಟನ್ನಿನವರು 2012ರಲ್ಲಿ ತಂದ, ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿನಲ್ಲಿ ರೆಟ್ರೋಪೈ ಹಾಕುವವರಿಗೆ ಸಿಗುವುದು ಇದೇ. ಬ್ಯಾಟೊಸೆರಾ ಎಂಬುದರಲ್ಲೂ ಇದರದೇ ರೂಪವಿದೆ. ಬ್ಯಾಟೊಸೆರಾವನ್ನು ಪೆನ್‌ಡ್ರೈವಿನಿಂದಲೇ ನಡೆಸಬಹುದು, ಕಂಪ್ಯೂಟರಿನ ಒಳಗೆ ಇರುವುದನ್ನು ಮುಟ್ಟಬೇಕಾಗಿಲ್ಲ. ನಾಲ್ಕನೆಯದು ಅಟ್ರ್ಯಾಕ್ಟ್-ಮೋಡ್. ಪಾರ್ಲರಿನಲ್ಲಿ ಯಾರೂ ಆಡದಿದ್ದಾಗ ಯಂತ್ರ ತಾನೇ ಆಡಿ ತೋರಿಸಿ ಗಿರಾಕಿಯನ್ನು ಕರೆಯುತ್ತಿತ್ತಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ಈ ಹೆಸರು. ನಮ್ಮ ಸಂತೆಯಲ್ಲಿ ಆಟಿಕೆ ಮಾರುವವನು ತಾನೇ ಪೀಪಿ ಊದಿಕೊಂಡು ನಿಂತಂತೆ.

ಮಗ ನಾಲ್ಕನ್ನೂ ನನಗೆ ತೋರಿಸಿದ. "ಯಾವುದು ಚೆನ್ನಾಗಿದೆ ಹೇಳಮ್ಮ" ಎಂದ. ನಾನು, "ಚೆಂದ ಆಮೇಲೆ ನೋಡೋಣ. ಆಗಸ್ಟಿನಲ್ಲಿ ನೀನು ಬೆಂಗಳೂರಿಗೆ ಕಾಲೇಜಿಗೆ ಹೋಗ್ತೀಯ. ಆಮೇಲೆ ಇದನ್ನು ಹಚ್ಚೋರು ಯಾರು?" ಎಂದೆ. ಅವನು ಸುಮ್ಮನಾದ. ಮನೆಯಲ್ಲಿ ಉಳಿಯುವವರು ಯಾರು? ಎಪ್ಪತ್ನಾಲ್ಕರ ಅತ್ತೆ, ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಒಂಬತ್ತರ ಮಗಳು, ಅಣ್ಣ ಹೋಗುತ್ತಾನೆಂದು ಆಗಲೇ ಮುಖ ಬಾಡಿಸಿಕೊಂಡು ಓಡಾಡುತ್ತಿದ್ದಳು. ರಾತ್ರಿ ಒಂಬತ್ತಕ್ಕೆ ಅಂಗಡಿ ಮುಚ್ಚಿ ಬರುವ ನಮ್ಮವರು. ಮತ್ತೆ ನಾನು. ಈ ನಾಲ್ವರ ಕೈಗೆ ಎಟುಕದ ಬಾಗಿಲು ಎಷ್ಟು ಕೆತ್ತನೆಯದಾದರೇನು? ಆದ್ದರಿಂದ ನಾನು ಅವನಿಗೆ ಆರು ಪ್ರಶ್ನೆ ಹಾಕಿದೆ.

ಮೊದಲನೆಯದು, ಎಲ್ಲವೂ ಜಾಯ್‌ಸ್ಟಿಕ್ ಒಂದರಿಂದಲೇ ಆಗುತ್ತದೆಯೆ? ನಡುವೆ ಎಲ್ಲಾದರೂ ಕೀಬೋರ್ಡು, ಮೌಸು ಬೇಕಾಗುತ್ತದೆಯೆ? ಪೆಟ್ಟಿಗೆಯ ಮುಂದೆ ನಿಂತವರಿಗೆ ಕಂಪ್ಯೂಟರ್ ಇದೆಯೆಂಬ ನೆನಪೇ ಬರಬಾರದು. ಈ ವಿಷಯದಲ್ಲಿ ಅಟ್ರ್ಯಾಕ್ಟ್-ಮೋಡ್ ಗೆದ್ದಿತು. ಅದನ್ನು ಮಾಡಿರುವುದೇ ಪೆಟ್ಟಿಗೆಗಾಗಿ, ಒಳಗಿನ ಕಂಪ್ಯೂಟರನ್ನು ಮರೆಮಾಡಲು. ಅದರ ಸೆಟ್ಟಿಂಗಿಗೆ ಹೋಗುವುದು ಕೀಬೋರ್ಡಿನ ಟ್ಯಾಬ್ ಕೀಲಿಯಿಂದ. ಆ ಕೀಲಿಯನ್ನು ಹೊರಗಿನ ಯಾವ ಗುಂಡಿಗೂ ಜೋಡಿಸದೆ ಬಿಟ್ಟರೆ, ಕೈತಪ್ಪಿ ಕೆಡಿಸುವ ಭಯವಿಲ್ಲ. ಅತ್ತೆಯವರ ನೀಲಿ ಪರದೆಯ ಕಾಟ ಇಲ್ಲಿ ತಪ್ಪಿತು.

ಎರಡನೆಯದು, ಒಳಗೆ ಹೋದವರು ಹೊರಗೆ ಬರುವುದು ಹೇಗೆ? ಇದನ್ನು ಗಂಡಸರು ಯೋಚಿಸುವುದೇ ಇಲ್ಲ ನೋಡಿ. ಆಟ ಶುರುಮಾಡುವುದಕ್ಕೆ ನೂರು ಉಪಾಯ ಹೇಳುತ್ತಾರೆ. ಬೇಸರ ಬಂದಾಗ ಬಿಡುವುದು ಹೇಗೆ ಎಂದರೆ, "ಈ ಎರಡು ಗುಂಡಿ ಒಟ್ಟಿಗೆ ಒತ್ತು, ಇನ್ನೊಂದರಲ್ಲಾದರೆ ಅದು ಬೇರೆ" ಅನ್ನುತ್ತಾರೆ. ರೆಟ್ರೋಪೈಯಲ್ಲಿ ಸಾಮಾನ್ಯವಾಗಿ ಸ್ಟಾರ್ಟ್, ಸೆಲೆಕ್ಟ್ ಎರಡನ್ನೂ ಒಟ್ಟಿಗೆ ಒತ್ತಬೇಕು. ಅತ್ತೆಯವರ ಬಲಗೈ ಬೆರಳು ಸಂಧಿವಾತದಿಂದ ಸೆಟೆದುಕೊಂಡಿವೆ, ಅವರಿಗೆ ಅದಾಗದು. ಯಾವ ಆಟದಲ್ಲಿದ್ದರೂ ಒಂದೇ ಗುಂಡಿ, ಒಂದೇ ಸಲ ಒತ್ತಿದರೆ ಪಟ್ಟಿಗೆ ಬರಬೇಕು ಎಂದು ಹಟ ಹಿಡಿದೆ. ಅಟ್ರ್ಯಾಕ್ಟ್-ಮೋಡಿನಲ್ಲಿ ಒಂದೊಂದು ಎಮ್ಯುಲೇಟರಿಗೂ 'ಹೊರಗೆ' ಎಂಬ ಕೀಲಿಯನ್ನು ಗೊತ್ತುಮಾಡಿಡಬಹುದು. ಮಗ ಎಲ್ಲದಕ್ಕೂ ಒಂದೇ ಕೆಂಪು ಗುಂಡಿ ಗೊತ್ತುಮಾಡಿದ.

ಮೂರನೆಯದು, ಕಣ್ಣಿಗೆ ಕಾಣುತ್ತದೆಯೆ? ಹೊಳೆಯುವ ಹಿನ್ನೆಲೆಯ ಮೇಲೆ ಹೊಳೆಯುವ ಅಕ್ಷರ ಬರೆದರೆ ನನಗೇ ಕಾಣುವುದಿಲ್ಲ, ಇನ್ನು ಅತ್ತೆಗೆ ಕಂಡೀತೆ? ಕಪ್ಪು ಹಿನ್ನೆಲೆ, ಒಂದು ಸಲಕ್ಕೆ ಐದೇ ಚಿತ್ರ, ನಡುವಿನದು ದೊಡ್ಡದು ಎಂದು ತೀರ್ಮಾನವಾಯಿತು. ಹೆಸರು ಕನ್ನಡದಲ್ಲೇ ಇರಲಿ ಎಂದೆ. ಮಗ ಬರೆದು ನೋಡಿದ. ಒತ್ತಕ್ಷರಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ನಿಂತವು. ಆಗ ಅವನು ಮಾಡಿದ ಉಪಾಯ ನನಗೆ ಹಿಡಿಸಿತು. ಫ್ರಂಟ್ ಎಂಡ್ ಪ್ರತಿ ಆಟಕ್ಕೂ ಒಂದು ಚಿತ್ರ ಹುಡುಕುತ್ತದಲ್ಲ, ಆ ಚಿತ್ರದೊಳಗೇ ಹೆಸರು ಬರೆದುಬಿಟ್ಟ. ಮಗಳು ಕಾಗದದ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ಬರೆದಳು, ಅಣ್ಣ ಅದರ ಫೋಟೋ ತೆಗೆದು, ಆಟದ ಹೆಸರನ್ನೇ ಅದಕ್ಕಿಟ್ಟು, ಗೊತ್ತಾದ ಜಾಗದಲ್ಲಿ ಹಾಕಿದ. ಅವಳ ಓರೆಕೋರೆ ಅಕ್ಷರದಲ್ಲೇ ಪಟ್ಟಿಯೆಲ್ಲ ಕಾಣುತ್ತದೆ. ಕೊಂಡು ತಂದ ಯಾವ ಅಲಂಕಾರ ಇದಕ್ಕೆ ಸಮ?

ನಾಲ್ಕನೆಯದು, ಬೇಡದ್ದನ್ನು ಮುಚ್ಚಿಡಲು ಬರುತ್ತದೆಯೆ? ಹಳೆಯ ಆಟಗಳಲ್ಲಿ ಹೊಡೆದಾಟ, ರಕ್ತ ಎಲ್ಲ ಇವೆ. ಈ ವಿಷಯದಲ್ಲಿ ಎಮ್ಯುಲೇಷನ್‌ಸ್ಟೇಷನ್ನಿನ ಜಾಣತನ ಹೇಳಲೇಬೇಕು. ಅದರಲ್ಲಿ ಮೂರು ಬಗೆ ಇವೆ. ಪೂರ್ತಿ ತೆರೆದದ್ದು ಒಂದು; ಸೆಟ್ಟಿಂಗ್ ಬದಲಿಸಲಾಗದಂತೆ ಮಾಡಿದ್ದು ಇನ್ನೊಂದು; ಮಕ್ಕಳಿಗೆಂದು ಗುರುತು ಹಾಕಿದ ಆಟ ಮಾತ್ರ ಕಾಣುವುದು ಮತ್ತೊಂದು. ಬೀಗ ತೆಗೆಯಲು ಗುಟ್ಟಿನ ಕ್ರಮವಿದೆ: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಆಮೇಲೆ ಬಿ, ಎ. ಇದು 1986ರಲ್ಲಿ ಕೊನಾಮಿ ಕಂಪನಿಯ ಗ್ರಾಡಿಯಸ್ ಎಂಬ ಆಟದಲ್ಲಿ ಬಂದ ಹೆಸರುವಾಸಿ ಗುಟ್ಟು. "ಆಟದ ಹುಚ್ಚಿರೋರಿಗೆಲ್ಲ ಇದು ಬಾಯಿಪಾಠ ಕಣಮ್ಮ" ಎಂದು ಮಗ ನಕ್ಕ. ಅಂದರೆ ಸಣ್ಣ ಮಕ್ಕಳಿಗೆ ಈ ಬೀಗ ಸಾಕು, ದೊಡ್ಡವರಿಗೆ ಸಾಲದು. ಮನೆ ತುಂಬ ಸಣ್ಣ ಮಕ್ಕಳಿರುವವರು ಇದನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ನಮಗೆ ಬೇರೆ ದಾರಿ ಸಿಕ್ಕಿತು. ಬೇಡದ ಆಟವನ್ನು ಪೆಟ್ಟಿಗೆಗೆ ಹಾಕುವುದೇ ಬೇಡ ಎಂದೆ.

ಇಲ್ಲೇ ಸ್ವಲ್ಪ ಬಿರುಸು ಮಾತಾಯಿತು. ಮಗನ ಸ್ನೇಹಿತನ ಹತ್ತಿರ ಮೂರು ಸಾವಿರ ಆಟ ತುಂಬಿದ ಹಾರ್ಡ್ ಡಿಸ್ಕ್ ಇತ್ತಂತೆ. ನಮ್ಮವರು ಕೇಳಿದರು: "ದುಡ್ಡು ಕೊಟ್ಟು ತಂದದ್ದೋ?" ಅಲ್ಲ ಎಂದ. "ನಾಳೆ ನಮ್ಮಂಗಡಿ ಪುಸ್ತಕ ಯಾರಾದ್ರೂ ಹಾಗೇ ತಗೊಂಡು ಹೋದ್ರೆ?" ಎಂದರು. ಎಮ್ಯುಲೇಟರ್ ಬಳಸುವುದು ತಪ್ಪಲ್ಲ. ಆಟ ಮಾತ್ರ ಮಾಡಿದವರ ಸ್ವತ್ತು. ಕೆಲವು ಆಟಗಳ ಹಕ್ಕುದಾರರು ಅನುಮತಿ ಕೊಟ್ಟಿದ್ದಾರೆ. ಅವನ್ನು ಮೇಮ್‌ನವರೇ ಬಿಟ್ಟಿಯಾಗಿ ಒದಗಿಸುತ್ತಾರೆ, ವ್ಯಾಪಾರಕ್ಕೆ ಬಳಸಬಾರದು ಅಷ್ಟೆ. ಗ್ರಿಡ್ಲೀ, ಸುರಂಗ ತೋಡುವ ರಾಬಿ ರೋಟೋ, 1977ರ ಸರ್ಕಸ್ ಮುಂತಾದವು ಹೀಗೆ ಬಂದವು. ಒಂದು ಸಂಪುಟ ಮಾತ್ರ ಕೊಂಡೆವು, 2022ರಲ್ಲಿ ಬಂದ ಪ್ಯಾಕ್‌ಮ್ಯಾನ್ ಮ್ಯೂಸಿಯಂ ಪ್ಲಸ್; ಅದರಲ್ಲಿ ಹದಿನಾಲ್ಕು ಆಟಗಳಿವೆ. ಫ್ರಂಟ್ ಎಂಡಿನ ಒಂದು ಗುಣವೇನೆಂದರೆ, ಮೇಮ್‌ನ ಆಟವನ್ನೂ ಹೀಗೆ ಕೊಂಡ ಆಟವನ್ನೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಕೂರಿಸಬಹುದು. ನಮ್ಮವರಿಗೆ ಬೇಕಿದ್ದದ್ದು ಅವರ ಕಾಲೇಜು ದಿನಗಳ 'ಮುಸ್ತಫಾ' ಆಟ. ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದ ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್ ಎಂಬುದಕ್ಕೆ ನಮ್ಮ ದೇಶದ ಹುಡುಗರು ಅದರಲ್ಲಿರುವ ಹಳದಿ ಟೋಪಿಯವನ ಹೆಸರನ್ನೇ ಇಟ್ಟುಬಿಟ್ಟಿದ್ದರು. ಅದು ಕೊಳ್ಳಲು ನಮಗೆ ಸಿಗಲಿಲ್ಲ. ತಾವೇ ಹಾಕಿದ ಕಟ್ಟಳೆಗೆ ತಾವೇ ಸಿಕ್ಕಿಬಿದ್ದರು, ಪಾಪ. ಆದರೂ ಮಾತು ಮುರಿಯಲಿಲ್ಲ. ಹೀಗೆ ಮೂರು ಸಾವಿರ ಹೋಗಿ ಹದಿನೆಂಟು ಉಳಿಯಿತು. ಹದಿನೆಂಟು ಆಟದ ಪಟ್ಟಿಯನ್ನು ಅತ್ತೆಯವರು ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ನೋಡಿ ಮುಗಿಸುತ್ತಾರೆ. ಮೂರು ಸಾವಿರವಾಗಿದ್ದರೆ ಹುಡುಕುವುದರಲ್ಲೇ ಸಂಜೆಯಾಗುತ್ತಿತ್ತು.

ಐದನೆಯದು, ಆರಿಸುವುದು ಹೇಗೆ? ನಮ್ಮದು ಸಾಗರ. ಮಳೆಗಾಲದಲ್ಲಿ ಕರೆಂಟು ಹೋಗುವುದು ಹೊಸದೇನಲ್ಲ. ಕಂಪ್ಯೂಟರ್ ಫ್ರಿಜ್ಜಿನಂತಲ್ಲ, ಕೆಲಸ ಮಾಡುತ್ತಿರುವಾಗ ಹಠಾತ್ತನೆ ಕರೆಂಟು ತಪ್ಪಿದರೆ ಬರೆದಿಟ್ಟದ್ದು ಕೆಡಬಹುದು. ರಾಸ್ಪ್‌ಬೆರಿ ಪೈಯವರಿಗಂತೂ ಅದರ ಪುಟ್ಟ ಮೆಮೊರಿ ಕಾರ್ಡು ಕೆಡುವ ಭಯ ಇದ್ದೇ ಇರುತ್ತದೆ. ಹಾಗಾಗಿ ಪೆಟ್ಟಿಗೆಯೊಳಗೆ ಸಣ್ಣ ಯು.ಪಿ.ಎಸ್. ಇಟ್ಟೆವು. ಅಟ್ರ್ಯಾಕ್ಟ್-ಮೋಡಿನಿಂದ ಹೊರಬಂದರೆ ಏನು ಮಾಡಬೇಕೆಂದು ಮೊದಲೇ ಹೇಳಿಡಬಹುದು. ಮಗ 'ಕಂಪ್ಯೂಟರ್ ಆರಿಸು' ಎಂದು ಹೇಳಿಟ್ಟ. ಪಟ್ಟಿಯಲ್ಲಿದ್ದಾಗ ಕೆಂಪು ಗುಂಡಿ ಒತ್ತಿ, "ಹೌದು" ಎಂದರೆ ಕಂಪ್ಯೂಟರ್ ತಾನೇ ಕ್ರಮವಾಗಿ ಮಲಗುತ್ತದೆ. ಆಮೇಲೆ ಗೋಡೆಯ ಸ್ವಿಚ್ ತೆಗೆದರಾಯಿತು.

ಆರನೆಯದು, ಕೆಟ್ಟರೆ? ಅಟ್ರ್ಯಾಕ್ಟ್-ಮೋಡಿನ ಸೆಟ್ಟಿಂಗುಗಳೆಲ್ಲ ಸಾದಾ ಬರಹದ ಕಡತಗಳು. ನಮ್ಮ ಕಂಪ್ಯೂಟರಿನಲ್ಲಿ ಅವೆಲ್ಲ ಒಂದೇ ಫೋಲ್ಡರಿನೊಳಗೆ ಇವೆ. ಆ ಫೋಲ್ಡರಿನ ನಕಲು ಪೆನ್‌ಡ್ರೈವಿನಲ್ಲಿದ್ದರೆ, ಹಾಳಾದದ್ದರ ಮೇಲೆ ಹಾಕಿ ಮೊದಲಿನಂತೆ ಮಾಡಬಹುದು. ಪೆನ್‌ಡ್ರೈವ್ ಈಗ ನನ್ನ ಬೀರುವಿನಲ್ಲಿ, ಮನೆ ಪತ್ರಗಳ ಜೊತೆ ಇದೆ. ನಕಲು ಮಾಡುವುದನ್ನು ಮಗ ನನ್ನ ಕೈಯಲ್ಲೇ ಎರಡು ಸಲ ಮಾಡಿಸಿದ.

ಇಷ್ಟು ಪ್ರಶ್ನೆಗಳಾದ ಮೇಲೂ ಬಾಯಿಮಾತಿನ ಒಪ್ಪಿಗೆ ನನಗೆ ಸಾಲದು. ಕಾದು ಹೊಯ್ದು ನೋಡದೆ ದೋಸೆ ಹಿಟ್ಟು ಸರಿಯಾಗಿದೆ ಎನ್ನಲಾಗುತ್ತದೆಯೆ? ಜುಲೈ ತಿಂಗಳ ಒಂದು ಭಾನುವಾರ, ಹೊರಗೆ ಜಡಿಮಳೆ. ಮಗನನ್ನು ಜಗಲಿಯಲ್ಲಿ ಕೂರಿಸಿ, "ತುಟಿ ಬಿಚ್ಚಬೇಡ, ಎದ್ದು ಬರಬೇಡ. ನೀನು ಬೆಂಗಳೂರಲ್ಲಿದ್ದೀಯ ಅಂತ ತಿಳ್ಕೋ" ಎಂದೆ. ಅಜ್ಜಿಗೆ, ಮೊಮ್ಮಗಳಿಗೆ ಪೆಟ್ಟಿಗೆ ಒಪ್ಪಿಸಿದೆ. ಮಗಳ ಸರದಿ ಎರಡು ನಿಮಿಷದಲ್ಲಿ ಮುಗಿಯಿತು. ಅತ್ತೆ ಸ್ಟೂಲಿನ ಮೇಲೆ ಕೂತು, "ಇದೇನೇ ಇದು, ಬಸ್ಸಿನ ಗೇರಿದ್ದಂಗಿದೆ" ಎನ್ನುತ್ತ ಜಾಯ್‌ಸ್ಟಿಕ್ ಹಿಡಿದರು. ಪಟ್ಟಿಯಲ್ಲಿ ನಡೆದು 'ಬಲೂನು' ಎಂದು ಬರೆದಿದ್ದ ಸರ್ಕಸ್ ಆಟ ಆರಿಸಿದರು. ಮೇಲೆ ಮೂರು ಸಾಲು ಬಲೂನು, ಕೆಳಗೆ ಏರಿಳಿಯುವ ಹಲಗೆ. ಹಲಗೆಯನ್ನು ಎಡಕ್ಕೆ ಬಲಕ್ಕೆ ಸರಿಸಿ, ಬೀಳುವ ವಿದೂಷಕನನ್ನು ಹಿಡಿದು ಮೇಲಕ್ಕೆ ಚಿಮ್ಮಿಸಬೇಕು. ಆಟವೇನೋ ತೆರೆಯಿತು. ಅತ್ತೆ 'ಶುರು' ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಇಲ್ಲ. ಜಗಲಿಯಲ್ಲಿ ಮಗ ಎದ್ದು ನಿಂತ. ನಾನು ಕೈ ಎತ್ತಿ ತಡೆದೆ.

ಸಂಗತಿ ಏನೆಂದರೆ, ವೇಷ ಕಟ್ಟಿದ ಯಂತ್ರ ಪಾತ್ರ ಬಿಡುವುದಿಲ್ಲ. ಅದಕ್ಕೆ ಈಗಲೂ ನಾಣ್ಯ ಬೇಕು! ನಾಣ್ಯದ ಬದಲು ಒಂದು ಗುಂಡಿ ಇಟ್ಟಿರುತ್ತಾರೆ. ಕೀಬೋರ್ಡಿನಲ್ಲಾದರೆ ಐದರ ಕೀಲಿ. ಮೊದಲು ಅದನ್ನು ಒತ್ತಿ, ಆಮೇಲೆ ಶುರು ಒತ್ತಬೇಕು. ಪಾರ್ಲರಿಗೆ ಕಾಲಿಡದ ಅತ್ತೆಗೆ ಇದು ಹೇಗೆ ಗೊತ್ತಾಗಬೇಕು? ಎಷ್ಟು ಚೆಂದದ ಫ್ರಂಟ್ ಎಂಡ್ ಹಾಕಿದರೂ ಅದು ಬಾಗಿಲವರೆಗೆ ಕರೆದೊಯ್ಯುತ್ತದೆ. ಒಳಗಿನ ರೀತಿ ನೀತಿ ಆಟದ್ದೇ. ಕೊಂಡು ತಂದ ಪ್ಯಾಕ್‌ಮ್ಯಾನ್ ಸಂಪುಟವೂ ಹಾಗೆಯೇ, ಅದರೊಳಗೆ ಅದರದೇ ಇನ್ನೊಂದು ಆಟದಂಗಡಿ ಇದೆ, ಅಲ್ಲಿ ನಡೆದಾಡಿ ಆಟ ಹುಡುಕಬೇಕು. ಸಂಜೆಯೊಳಗೆ ಮಗ ಮೂರು ಗುಂಡಿಗಳನ್ನು ಎಡದಿಂದ ಬಲಕ್ಕೆ ಸಾಲಾಗಿ ಜೋಡಿಸಿ, ಬಣ್ಣದಲ್ಲಿ ೧ ನಾಣ್ಯ, ೨ ಶುರು, ೩ ಹೊರಗೆ ಎಂದು ಬರೆದ. ಅತ್ತೆಗೆ ಕನ್ನಡ ಅಂಕಿಯೇ ರೂಢಿ. ಮರುದಿನ ಬೆಳಗಿನ ಕಾಫಿಗೆ ಮುಂಚೆಯೇ ಹಾಲಿನಲ್ಲಿ ಬಲೂನು ಒಡೆಯುವ ಸದ್ದು ಕೇಳಿತು.

"ಹೆಂಗಸರಿಗೆ ಇದೆಲ್ಲ ಏಕೆ?" ಎಂದು ಕೇಳುವವರಿದ್ದಾರೆ. ಅವರಿಗೆ ನೀವು ಎರಡು ಸಂಗತಿ ಹೇಳಿ. ಪಾರ್ಲರುಗಳಿಗೆ ಗಂಡಸರೇ ಬರುತ್ತಾರೆ, ಹೆಂಗಸರಿಗೂ ಹಿಡಿಸುವ ಆಟ ಬೇಕು ಎಂದೇ ಜಪಾನಿನ ತೊರು ಇವಾತಾನಿಯವರು ತಿನ್ನುವ ವಿಷಯ ಇಟ್ಟುಕೊಂಡು ಪ್ಯಾಕ್‌ಮ್ಯಾನ್ ರೂಪಿಸಿದರು. ನಾಮ್ಕೊ ಕಂಪನಿ ಅದನ್ನು 1980ರಲ್ಲಿ ತಂದಿತು. ಅದಕ್ಕೆ ಗುಂಡಿಯೇ ಬೇಡ, ಜಾಯ್‌ಸ್ಟಿಕ್ ನಾಲ್ಕು ದಿಕ್ಕಿಗೆ ತಿರುಗಿಸಿದರೆ ಸಾಕು. ಅಮೆರಿಕದ ಅಟಾರಿ ಕಂಪನಿಯ ಸೆಂಟಿಪೀಡ್ ಆಟವನ್ನು ಎಡ್ ಲಾಗ್ ಅವರ ಜೊತೆ ಸೇರಿ ಮಾಡಿದವರು ಡೋನಾ ಬೈಲಿ ಎಂಬ ಹೆಂಗಸು, 1981ರಲ್ಲಿ. ಈ ಪೆಟ್ಟಿಗೆ ಹುಟ್ಟಿದಾಗಲೇ ನಮಗೂ ಅದರಲ್ಲಿ ಪಾಲಿತ್ತು. ಮಧ್ಯಾಹ್ನ ಮೂರಕ್ಕೆ, ಪಾತ್ರೆ ಬೆಳಗಿ ಕೈ ಒರೆಸಿಕೊಂಡು, ನಾನೂ ಕಾಲು ಗಂಟೆ ಪ್ಯಾಕ್‌ಮ್ಯಾನ್ ಆಡುತ್ತೇನೆ. ನಮ್ಮ ಮನೆಯಲ್ಲಿ ಅದರ ಹೆಸರು 'ಉಂಡೆಬಾಯಿ'.

ಆಗಸ್ಟಿನಲ್ಲಿ ಮಗ ಹೋದ. ಹೋದ ನಾಲ್ಕನೆಯ ದಿನ ರಾತ್ರಿ ಕರೆಂಟು ಹೋಯಿತು. ಯು.ಪಿ.ಎಸ್. ಪೀ ಪೀ ಎಂದು ಕೂಗಿಕೊಂಡಿತು. ನಾನು ಅಡಿಗೆಮನೆಯಿಂದ ಬರುವಷ್ಟರಲ್ಲಿ ಅತ್ತೆ ಕೆಂಪು ಗುಂಡಿ ಒತ್ತಿ, "ಮಲಗಿಸಿದೆ ಕಣೆ" ಎಂದರು. ಈಗ ಮಗಳು ಅಣ್ಣನಿಗೆ ಫೋನ್ ಮಾಡುತ್ತಾಳೆ. "ಅದು ಹಾಳಾಯ್ತು, ಇದು ಬರ್ತಿಲ್ಲ, ಯಾವಾಗ ಬರ್ತೀಯ" ಎಂದಲ್ಲ. ಅಜ್ಜಿ ಎಷ್ಟು ಬಲೂನು ಒಡೆದರು, ಅಪ್ಪ ಹೇಗೆ ಸೋತರು ಎಂದು ಹೇಳುತ್ತಾಳೆ. ಅವನು ಕೋಣೆಯ ಬಾಗಿಲು ಹಾಕಿಕೊಂಡಿದ್ದಾಗ ಆಡದಷ್ಟು ಮಾತನ್ನು ಈಗ ಅಷ್ಟು ದೂರದಿಂದ ಆಡುತ್ತಾನೆ. ನಡುನಡುವೆ ನಮ್ಮ ಅತ್ತೆ ಫೋನ್ ಕಸಿದುಕೊಂಡು, "ಊಟ ಸರಿಯಾಗಿ ಮಾಡ್ತೀಯೇನೋ?" ಎಂದು ಕೇಳುತ್ತಾರೆ.

ಆದ್ದರಿಂದ ಸೋದರಿಯರೇ, ನಿಮ್ಮ ಮಕ್ಕಳು ಇಂಥ ಪೆಟ್ಟಿಗೆ ಕಟ್ಟಲು ಹೊರಟರೆ ಬೇಡವೆನ್ನಬೇಡಿ. ಆದರೆ ಫ್ರಂಟ್ ಎಂಡ್ ಆರಿಸುವ ದಿನ ನೀವೂ ಹತ್ತಿರ ಕೂತುಕೊಳ್ಳಿ. ಹೊಳಪು, ಸಂಖ್ಯೆ ಇವಕ್ಕೆ ಮರುಳಾಗಬೇಡಿ. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಬಲ್ಲವರು ಯಾರೋ ಅವರ ಕೈಗೆ ಮೊದಲು ಕೊಟ್ಟು ನೋಡಿ, ಬಲ್ಲವರನ್ನು ಜಗಲಿಯಲ್ಲಿ ಕೂರಿಸಿ. ಹಚ್ಚುವುದು, ಆರಿಸಿಕೊಳ್ಳುವುದು, ಹೊರಬರುವುದು, ಮಲಗಿಸುವುದು, ಈ ನಾಲ್ಕನ್ನೂ ಒಂದು ಹಾಳೆಯ ಮೇಲೆ ನಿಮ್ಮದೇ ಮಾತಿನಲ್ಲಿ ಬರೆದು ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಿ. ನಮ್ಮದಕ್ಕೆ ನಾನೇ ಬರೆದು, ಮಳೆಗಾಲದ ಥಂಡಿಗೆ ಹಾಳಾಗದಂತೆ ಮೇಲೊಂದು ಪ್ಲಾಸ್ಟಿಕ್ ಹೊದಿಸಿದ್ದೇನೆ.